ಪಾಚಿರಾಯನಿಗೆ ಸುರಿದ ಹಾಲು

ಬಹಳ ಹಿಂದೆ, ಮೀನುಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ನೀಲವಾಡಿ ಎಂಬ ರಾಜ್ಯವಿತ್ತು. ಅದರ ನಡುವೆ ದೊಡ್ಡದೊಂದು ಕೆರೆ. ಪಾಚಿರಾಯನೆಂಬ ಮಾಂತ್ರಿಕ ಆ ಕೆರೆಯನ್ನು ಹೊಕ್ಕ. ನೀರೆಲ್ಲ ಹಸಿರು ಬಣ್ಣ ಕಲಸಿದಂತಾಯಿತು. ಕುಡಿದ ದನಗಳು ದಡದಲ್ಲೇ ಸತ್ತುಬಿದ್ದವು. ಜನ ಹೆದರಿ, ಅವನನ್ನು ಒಲಿಸಲೆಂದು ಪ್ರತಿ ಮನೆಯ ಮೊದಲ ಹಾಲನ್ನು ಕೆರೆಗೆ ಸುರಿಯತೊಡಗಿದರು.

ಎಮ್ಮೆ ಕಾಯುವ ಬೆಳ್ಳವ್ವನ ತಂಗಿ ನಿಂಗಿ ಆ ನೀರು ಕುಡಿದು ಮಲಗಿದವಳು ಏಳಲೇ ಇಲ್ಲ. ಅವಳ ಕಾಲ್ಬೆರಳುಗಳಿಂದ ಹಸಿರು ಮೇಲೇರತೊಡಗಿತು.

"ಹಸಿರು ಕಣ್ಣು ಮುಟ್ಟುವ ಮೊದಲು ಕೆರೆ ತಿಳಿಯಾದರೆ ಬದುಕುತ್ತಾಳೆ" ಎಂದಳು ಸೂಲಗಿತ್ತಿ.

ಬೆಳ್ಳವ್ವ ಕೆರೆಗೆ ಓಡಿದಳು. ನೀರುಚಿಗಟಗಳೆಂಬ ಸಾಸಿವೆಗಿಂತ ಸಣ್ಣ ಹುಳುಗಳು ದಡದ ನೀರಿನಲ್ಲಿ ಕುಪ್ಪಳಿಸುತ್ತಿದ್ದವು.

"ಅಕ್ಕಾ, ಈ ಹಸಿರೇ ನಮ್ಮ ಊಟ. ಆದರೆ ಸಣ್ಣ ಮೀನುಗಳು ನಮ್ಮನ್ನು ನುಂಗದೆ ಬಿಟ್ಟರೆ ತಾನೆ ನಾವು ತಿನ್ನೋದು?" ಎಂದವು ಅವು.

ಸಣ್ಣ ಮೀನುಗಳು ನಕ್ಕವು. "ನಮ್ಮನ್ನು ಹೆದರಿಸೋರು ಯಾರಿದ್ದಾರೆ? ನಮ್ಮನ್ನು ನುಂಗುವ ಬಾಳೆಮೀನುಗಳೆಲ್ಲ ಅರಮನೆಯ ಸಾರಿಗೆ ಹೋದವಲ್ಲ!"

ಬೆಟ್ಟದ ಮೇಲಿನ ಮಡುವಿನಲ್ಲಿ ಮಾತ್ರ ಕೆಲವು ಬಾಳೆಮೀನುಗಳು ಉಳಿದಿದ್ದವು. ಬೆಂಕಿ ಉಗುಳುವ ಮೊಸಳೆಯೊಂದು ಆ ಮಡುವನ್ನು ಕಾಯುತ್ತಿತ್ತು. ಬೆಳ್ಳವ್ವ ಒದ್ದೆ ಕಂಬಳಿ ಹೊದ್ದು ಅದರ ಬೆನ್ನ ಮೇಲೆಯೇ ಹಾಯ್ದು ಹೋದಳು.

"ನಿಮ್ಮ ಕೆರೆಗೆ ಬರುತ್ತೇವೆ. ಮೊದಲು ನಿಮ್ಮ ರಾಜ ಬಲೆ ಸುಡಲಿ" ಎಂದಿತು ಮುಪ್ಪಿನ ಬಾಳೆಮೀನು.

ಬೆಳ್ಳವ್ವ ಅರಮನೆಗೆ ಹೋಗಿ ಹೇಳಿದಾಗ ರಾಜ ಮುಖ ಸಿಂಡರಿಸಿದ. "ಮೀನಿನ ಸಾರಿಲ್ಲದೆ ಅನ್ನ ಇಳಿಯೋದು ಹೇಗೆ?"

"ನೀರಿಲ್ಲದೆ ಇಳಿಯುತ್ತದೆಯೇ, ಪ್ರಭು?"

ರಾಜ ತನ್ನ ಬರಿದಾದ ಹೂಜಿಯನ್ನು ನೋಡಿದ. ಬಲೆಗಳೆಲ್ಲ ಉರಿದವು. ಬಾಳೆಮೀನುಗಳು ಮೋಡ ಹತ್ತಿ ಬಂದು ಕೆರೆಗೆ ಮಳೆಯಂತೆ ಸುರಿದವು. ಸಣ್ಣ ಮೀನುಗಳು ಹೆದರಿ ಜೊಂಡಿನೊಳಗೆ ಅಡಗಿದವು. ನೀರುಚಿಗಟಗಳು ಹೆಚ್ಚಿ, ಹಸಿರನ್ನು ಮೇಯತೊಡಗಿದವು.

ಆದರೂ ಕೆರೆ ತಿಳಿಯಾಗಲಿಲ್ಲ. ನಿಂಗಿಯ ಹಸಿರು ಕುತ್ತಿಗೆಗೆ ಬಂತು.

"ಈ ಹಸಿರೇ ಪಾಚಿರಾಯನ ಮೈ. ನಾವು ತಿಂದಷ್ಟೂ ಬೆಳೆಯುತ್ತಾನೆ ಅಕ್ಕಾ. ನಿಮ್ಮವರೇ ಹಾಲು ಸುರಿದು ಸಾಕುತ್ತಿದ್ದಾರಲ್ಲ!" ಎಂದವು ನೀರುಚಿಗಟಗಳು.

ಮರುದಿನ ಬೆಳಗ್ಗೆ ಜನ ಹಾಲು ತಂದಾಗ ಬೆಳ್ಳವ್ವ ಕೆರೆಯ ಮೆಟ್ಟಿಲಿಗೆ ಅಡ್ಡ ನಿಂತಳು.

"ಸರಿ ಆಚೆ! ನಿನ್ನ ತಂಗಿಗೋಸ್ಕರ ನಮ್ಮ ಮಕ್ಕಳನ್ನು ಬಲಿ ಕೊಡ್ತೀಯಾ?" ಎಂದು ಮುದುಕಿ ಗುರುಸಿದ್ದವ್ವ ಕೂಗಿದಳು.

"ಅವನು ಬೆಳೆಯೋದೇ ಈ ಹಾಲಿನಿಂದ, ಅಜ್ಜಿ. ಸಿಟ್ಟು ಬಂದರೆ ಮೊದಲು ನನ್ನನ್ನೇ ನುಂಗಲಿ. ಇಲ್ಲೇ ನಿಂತಿದ್ದೀನಲ್ಲ."

ಗುರುಸಿದ್ದವ್ವ ಮೆಟ್ಟಿಲಿನಿಂದ ಹಿಂದೆ ಸರಿದಳು. ಆಮೇಲೆ ತನ್ನ ತಂಬಿಗೆಯ ಹಾಲನ್ನು ಪಕ್ಕದಲ್ಲಿದ್ದ ಮೊಮ್ಮಗಳಿಗೆ ಕುಡಿಸಿದಳು. ಉಳಿದವರೂ ಹಾಗೆಯೇ ಮಾಡಿದರು.

ಕೆರೆ ಕುದಿಯಿತು. ಪಾಚಿರಾಯ ಎದ್ದುಬಂದ. "ನನ್ನ ಹಾಲೆಲ್ಲಿ?"

ಬೆಳ್ಳವ್ವ ಕದಲಲಿಲ್ಲ. ಅವನು ಕೈ ಎತ್ತಿದ. ಹಸಿದ ಆ ಕೈ ನೂಲಿನಂತೆ ಸಣ್ಣದಾಯಿತು. ಇನ್ನೊಂದು ಕೈ ಎತ್ತಿದ, ಅದೂ ಸವೆಯಿತು.

"ಇಷ್ಟೇನಾ ನೀನು! ಇವನಿಗಾ ನಾವು ಹೆದರಿದ್ದು?" ಎಂದು ಗುರುಸಿದ್ದವ್ವ ಬೊಚ್ಚುಬಾಯಿ ತೆರೆದು ನಕ್ಕಳು.

ನೀರುಚಿಗಟಗಳು ಮೋಡದಂತೆ ಮುತ್ತಿದವು. ಪಾಚಿರಾಯನ ಮೊಣಕಾಲು ಕರಗಿತು, ಎದೆ ಕರಗಿತು, ಕೊನೆಗೆ ಕಿರೀಟವೂ ಕರಗಿತು. ಕೆರೆಯ ತಳದ ಕಲ್ಲುಗಳು ಒಂದೊಂದಾಗಿ ಕಂಡವು.

ಬೆಳ್ಳವ್ವ ಮನೆಗೆ ಓಡಿದಳು. ನಿಂಗಿ ಎದ್ದು ಕೂತಿದ್ದಳು.

"ಜನ ಯಾಕಕ್ಕ ಹಾಗೆ ಕೂಗ್ತಿದ್ದಾರೆ?"

"ಈಜ್ತಿದ್ದಾರೆ ಕಣೇ! ರಾಜರೂ ಪಂಚೆ ಕಟ್ಟಿ ಇಳಿದಿದ್ದಾರೆ. ಏಳು, ನಾವೂ ಹೋಗೋಣ."

ಅಕ್ಕತಂಗಿಯರು ಕೈಹಿಡಿದು ಕೆರೆಗೆ ಧುಮುಕಿದರು. ಅಂದಿನಿಂದ ನೀಲವಾಡಿಯಲ್ಲಿ ಬಾಯಾರಿದವರೆಲ್ಲ ಬೊಗಸೆಯೊಡ್ಡಿ ಕುಡಿದು, ತಣ್ಣಗೆ ಬಾಳಿದರು.