ಪೆಟ್ರೋಲ್ ಅಗ್ಗವಾದ ಸೋಮವಾರ

ಪೆಟ್ರೋಲ್ ಬೆಲೆ ಎಂಟೊಂಬತ್ತು ರೂಪಾಯಿ ಇಳಿಯಿತೆಂದು ಕಾಶಿಯೆಲ್ಲ ಖುಷಿಪಟ್ಟರೆ, ಕೇದಾರ್ ಘಾಟಿನ ಗಲ್ಲಿಯೊಂದರ ಮಹಡಿ ಕೋಣೆಯಲ್ಲಿ ಕಾತ್ಯಾಯನಿ ದಿಂಬಿಗೆ ಮುಖ ಒತ್ತಿ ಅತ್ತಳು. ತಲೆ ಕೆಟ್ಟಿರಲಿಲ್ಲ. ಅವಳ ಸುಖಕ್ಕೆ ಇದ್ದ ಒಂದೇ ನೆಪ ಅಂದು ಬಿದ್ದುಹೋಗಿತ್ತು.

ಬಳ್ಳಾರಿ ಕಡೆಯ ಕೊಟ್ಟೂರಯ್ಯನವರ ಮಗಳು ಅವಳು; ಸಾರನಾಥದ ಸಂಸ್ಥೆಯೊಂದರಲ್ಲಿ ಸಂಶೋಧಕಿ. ಬಾಡಿಗೆಗಿದ್ದದ್ದು ಕನ್ನಡದ ಪುರೋಹಿತರ ಮನೆಯಲ್ಲಿ. ಆ ಮನೆಯ ಮಗ ಸಮೀರ ಅದೇ ಸಂಸ್ಥೆಯ ಲೈಬ್ರರಿಯಲ್ಲಿದ್ದ. ಅವನ ತಾಯಿ ತುಳಸಮ್ಮನವರಿಗೆ ಅವಳ ಮೇಲೆ ಅಕ್ಕರೆಯೇನೋ ಇತ್ತು, ಆದರೆ ಮಡಿ ಅಡುಗೆಮನೆಯ ಹೊಸ್ತಿಲಿನಾಚೆಗಷ್ಟೇ. ಬೇರೆ ಜಾತಿಯ ಹುಡುಗಿ, ಮದುವೆಯಾಗದ ಮಗನ ಸ್ಕೂಟರಿನ ಹಿಂದೆ! ಬೇರೆ ಕಾಲವಾಗಿದ್ದರೆ ಗಲ್ಲಿ ಸುಮ್ಮನಿರುತ್ತಿತ್ತೇ? ಪೆಟ್ರೋಲ್ ನೂರು ದಾಟಿದಾಗ ತುಳಸಮ್ಮನವರೇ, "ಒಂದೇ ಕಡೆ ಹೋಗೋರಿಗೆ ಎರಡು ಗಾಡಿ ಯಾಕೆ?" ಎಂದಿದ್ದರು. ದುಡ್ಡು ಉಳಿಯುತ್ತದೆ ಎಂದರೆ ಯಾವ ಗಲ್ಲಿಯೂ ತಕರಾರು ತೆಗೆಯುವುದಿಲ್ಲ.

ಸಮೀರ ಮಹಾ ಜುಗ್ಗ. ಗೋದೌಲಿಯಾದ ನೂಕುನುಗ್ಗಲಲ್ಲಿ ಗಾಡಿ ನಿಂತರೆ ಸಾಕು, ಇಂಜಿನ್ ಆಫ್. ಅವರ ಮಾತೆಲ್ಲ ನಡೆದದ್ದು ಅಲ್ಲೇ.

"ಇಷ್ಟೆಲ್ಲ ಉಳಿಸಿ ಏನು ಮಾಡ್ತೀರಿ?"

"ನಿಮಗೆ ರಬಡಿ ತಿನ್ನಿಸ್ತೀನಿ, ಕಾತ್ಯಾಯನಿ ಜೀ. ಒಂದು ಪ್ಲೇಟ್, ಎರಡು ಚಮಚ."

ಕನ್ನಡಿಯಲ್ಲಿ ಅವನ ಕಣ್ಣು ನಗುತ್ತಿತ್ತು. ಅವಳು ನೋಡಿಯೇ ಇಲ್ಲವೆಂಬಂತೆ ಸೀರೆ ಅಂಗಡಿಗಳ ಕಡೆ ತಿರುಗುತ್ತಿದ್ದಳು. ಕಿವಿ ಮಾತ್ರ ಕೆಂಪಾಗುತ್ತಿತ್ತು.

ಸೋಮವಾರ ಬೆಳಗ್ಗೆ ತುಳಸಮ್ಮ ಬಾಗಿಲಲ್ಲೇ ನಿಂತಿದ್ದರು. "ಬೆಲೆ ಇಳೀತಲ್ಲಮ್ಮ, ಇನ್ನು ನಿನ್ನ ಗಾಡೀಲಿ ನೀನು ಹೋಗು. ಇವನಿಗೆ ಹೆಣ್ಣು ನೋಡ್ತಿದೀವಿ. ನಾಲ್ಕು ಜನ ನಾಲ್ಕು ಮಾತಾಡಬಾರದು."

ಸಮೀರ ತಲೆ ತಗ್ಗಿಸಿ ಹೆಲ್ಮೆಟ್ ಒರೆಸುತ್ತಿದ್ದ. ತುಳಸಮ್ಮನವರ ಮಾತಿಗಿಂತ ಅವಳಿಗೆ ಅದೇ ಹೆಚ್ಚು ನೋವು ಕೊಟ್ಟಿತು.

ಒಂದೇ ದಾರಿಯಲ್ಲಿ ಎರಡು ಗಾಡಿ ಹೊರಟವು. ಅವಳು ಬೇಕೆಂದೇ ನಿಧಾನ ಮಾಡಿದರೆ ಅವನೂ ನಿಧಾನ. ಪಾಂಡೇಪುರ ದಾಟಿ ಅವಳು ಬಂಕಿಗೆ ತಿರುಗಿದಳು. ಹಿಂದೆಯೇ ಅವನೂ ಬಂದು ಕ್ಯೂನಲ್ಲಿ ನಿಂತ.

"ನಿನ್ನೆ ತಾನೇ ಟ್ಯಾಂಕ್ ತುಂಬಿಸಿದ್ರಲ್ಲ?"

"ಹೌದು."

"ಮತ್ತೆ ಇಲ್ಲಿ ಯಾಕೆ ನಿಂತಿದೀರಿ?"

ಅವನು ಗಾಡಿಯ ಕನ್ನಡಿ ಒರೆಸತೊಡಗಿದ. ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಉಕ್ಕಿ ಬಂತು.

"ಅಮ್ಮನ ಮುಂದೆ ಬಾಯಿ ಬಿಡಲಿಲ್ಲ, ಇಲ್ಲೂ ಬಿಡಬೇಡಿ. ನಾನೇ ಹೇಳ್ತೀನಿ. ಬೆಲೆ ಏರಿದಾಗ ಊರೆಲ್ಲ ಶಾಪ ಹಾಕಿದ್ರೆ, ಇನ್ನೂ ಏರಲಪ್ಪಾ ಅಂತ ವಿಶ್ವನಾಥನಿಗೆ ಕೈಮುಗಿದೋಳು ನಾನು. ಯಾಕಂತ ಗೊತ್ತಿಲ್ವಾ ನಿಮಗೆ?"

"ಅರೇ ಭೈಯಾ, ಆಗೇ ಬಢಿಯೇ!" ಮುಂದೆ ಹೋಗಿ ಎಂದು ಹಿಂದಿನವನು ಹಾರ್ನ್ ಹೊಡೆದ.

"ಗೊತ್ತು," ಎಂದ ಸಮೀರ. "ಅಮ್ಮನಿಗೆ ಇಲ್ಲ ಅಂದು ನನಗೆ ಅಭ್ಯಾಸವಿಲ್ಲ. ಉಳಿತಾಯ, ಉಳಿತಾಯ ಅಂದ್ಕೊಂಡೇ ಇಷ್ಟು ದಿನ ತಳ್ಳಿದೆ. ನಾನು ಹೇಡಿ, ಕಾತ್ಯಾಯನಿ."

ಮೊದಲ ಸಲ 'ಜೀ' ಇರಲಿಲ್ಲ.

ಅವನು ಗಾಡಿಯನ್ನು ಕ್ಯೂನಿಂದ ಹೊರತೆಗೆದು ಊರಿನ ಕಡೆಗೆ ತಿರುಗಿಸಿದ. "ಮನೆಗೆ ಹೋಗ್ತೀನಿ. ಸಂಜೆವರೆಗೆ ಕಾದರೆ ನನ್ನ ಧೈರ್ಯ ಹೋಗಿಬಿಡುತ್ತೆ. ನೀವು ಬರಬೇಡಿ. ಅಮ್ಮ ಏನಾದ್ರೂ ಅಂದ್ರೆ ನಿಮ್ಮ ಮನಸ್ಸು ಮುರಿಯುತ್ತೆ."

"ಒಬ್ಬರೇ ಹೋದ್ರೆ ಅಮ್ಮ ಅಳ್ತಾರೆ, ನೀವು ಕರಗಿಹೋಗ್ತೀರಿ." ಅವಳು ತನ್ನ ಗಾಡಿಯನ್ನು ಬಂಕಿನ ಗೋಡೆಗೆ ನಿಲ್ಲಿಸಿ, ಬೀಗ ಹಾಕಿ, ಅವನ ಹಿಂದೆ ಹತ್ತಿ ಕೂತಳು.

"ಗಲ್ಲಿಯವರು ಕೇಳಿದ್ರೆ ಏನಂತೀರಿ?"

ಅವನು ಗಾಡಿ ಸ್ಟಾರ್ಟ್ ಮಾಡಿದ.

"ನನ್ನ ಹೆಂಡತಿ ಆಗೋಳು ಅಂತೀನಿ," ಎಂದ. ದನಿ ನಡುಗಿತು, ಆದರೂ ಹೇಳಿದ.