ಕಣ್ಣು ತೆರೆದ ಬಾರ್ಬರಾ

ಬಾರ್ಬರಾ ಕಣ್ಣು ತೆರೆದದ್ದು ೧೯೯೨ರ ಜುಲೈ ತಿಂಗಳ ಒಂದು ಶುಕ್ರವಾರ, ಬೆಳಗಿನ ಎಂಟೂಕಾಲಿಗೆ. ಅದಕ್ಕೆ ಮೊದಲು ಅವಳು ನಾನೂರ ಇಪ್ಪತ್ತಾರು ವರ್ಷ ಕುರುಡಿಯಾಗಿದ್ದಳೆಂದು ಎಲ್ಲರೂ ನಂಬಿದ್ದರು.

ಈ ಸುದ್ದಿ ಹೊತ್ತು ಅನಘಾ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿದ್ದ ಡಾಕ್ಟರ್ ಅರುಂಧತಿಯವರ ಮನೆಗೆ ಓಡಿಬಂದಾಗ ಲಕ್ಷ್ಮೀಶ ಅಲ್ಲೇ ಅಡುಗೆಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಅವನು ಪಕ್ಕದ ಮನೆಯವನು, ಹೈಸ್ಕೂಲಿನ ಗಣಿತದ ಮೇಷ್ಟ್ರು, ಚಳಿಗಾಲದ ರಜೆಯಲ್ಲಿದ್ದ. ಅರುಂಧತಿಯವರು ಮೈಸೂರಿನಲ್ಲಿ ಇಪ್ಪತ್ತು ವರ್ಷ, ಇಲ್ಲಿ ಹದಿನೈದು ವರ್ಷ ಕಣ್ಣಿನ ಆಪರೇಷನ್ ಮಾಡಿ ನಿವೃತ್ತರಾದವರು. ಕಾರು ಓಡಿಸುವುದನ್ನು ಮಾತ್ರ ಕಲಿಯಲೇ ಇಲ್ಲ. ಹಾಗಾಗಿ ಊರಿನ ಕನ್ನಡಿಗರು ತಮ್ಮ ಬಗೆಹರಿಯದ ತಾಪತ್ರಯಗಳನ್ನು ಅವರ ಮುಂದೆ ತಂದಾಗಲೆಲ್ಲ ಲಕ್ಷ್ಮೀಶನೇ ಸಾರಥಿ. ಅವರ ಬುದ್ಧಿಯ ಮೇಲೆ ಅವನಿಗೆ ಎಷ್ಟು ಭಕ್ತಿಯೋ, ಕೊನೆಯವರೆಗೂ ಬಾಯಿ ಬಿಡುವುದಿಲ್ಲವಲ್ಲ ಎಂದು ಅಷ್ಟೇ ಹೊಟ್ಟೆಯುರಿ.

"ಆಂಟಿ, ನನ್ನ ಕಥೆ ಮುಗೀತು," ಎಂದಳು ಅನಘಾ. ಹಣೆ ಬೋಳು, ಕಣ್ಣು ಕೆಂಪು. "ಪೇಂಟಿಂಗ್ ನಾನೇ ಹಾಳು ಮಾಡಿದೆ ಅಂತಿದ್ದಾರೆ. ಸೋಮವಾರ ಡಿಸೈಡ್ ಮಾಡ್ತಾರಂತೆ. ಪಿಎಚ್‌ಡಿ ಹೋದ್ರೆ ವೀಸಾನೂ ಹೋಯ್ತು."

"ಮೊದಲು ಕೂತ್ಕೋಮ್ಮ. ಅಪ್ಪನಿಗೆ ಹೇಳಿದ್ಯಾ?"

"ಹೇಗೆ ಹೇಳ್ಲಿ? ಮಂಗಳವಾರ ತಾನೇ ಅಜ್ಜಿ ಹೋಗಿದ್ದಾರೆ. ಅಪ್ಪ ಅಲ್ಲಿ ಕರ್ಮಕ್ಕೆ ಕೂತಿದ್ದಾರೆ. ಡಾಕ್ಟ್ರಾಗಿ ಬರ್ತೀನಿ ಅಂತ ಅಜ್ಜಿಗೆ ಮಾತು ಕೊಟ್ಟು ಬಂದವಳು ನಾನು."

ವಿಷಯ ಇಷ್ಟು. ಅನಘಾ ಪ್ರೊಫೆಸರ್ ಭಾಸ್ಕರರ ಕೈಕೆಳಗೆ ಯುರೋಪಿನ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದಳು. ೧೫೬೬ರಲ್ಲಿ ನೆದರ್ಲೆಂಡ್ಸ್ ಸೀಮೆಯ ಪ್ರಾಟೆಸ್ಟೆಂಟ್ ಗುಂಪುಗಳು ಚರ್ಚುಗಳಿಗೆ ನುಗ್ಗಿ ಸಂತರ ವಿಗ್ರಹಗಳನ್ನು ಒಡೆದವು, ಚಿತ್ರಗಳನ್ನು ಕೆರೆದವು. ಪ್ರತಿಮೆಯನ್ನು ಪೂಜಿಸುವುದು ಪಾಪವೆಂಬುದು ಅವರ ಮತ. ಆದರೆ ಭಾಸ್ಕರರ ವಾದವೇ ಬೇರೆ: ಬರೀ ಬಣ್ಣದ ಹಲಗೆ ಅಂದುಕೊಂಡವನು ಅದರ ಕಣ್ಣು ಕೀಳುವುದಿಲ್ಲ, ಅದು ತನ್ನನ್ನು ನೋಡುತ್ತಿದೆ ಎಂದು ಹೆದರಿದವನೇ ಕಣ್ಣಿಗೆ ಕೈಹಾಕುತ್ತಾನೆ. ಇದಕ್ಕೆ ಅವರ ದೊಡ್ಡ ಸಾಕ್ಷಿ ಸಂತ ಬಾರ್ಬರಾ. ಹದಿನೈದು ವರ್ಷದ ಹಿಂದೆ ಅವರೇ ಬೆಲ್ಜಿಯಂನಲ್ಲಿ ಕೊಂಡು ತಂದ ಓಕ್ ಹಲಗೆಯ ಚಿತ್ರ, ಎರಡೂ ಕಣ್ಣು ಕೆರೆದುಹೋದದ್ದು. ಸೆಪ್ಟೆಂಬರಿನಲ್ಲಿ ಅವರ ಪುಸ್ತಕ ಅಚ್ಚಿಗೆ ಹೋಗುವುದಿತ್ತು.

"ಸೋಮವಾರ ಸಿಡ್ನಿಯಿಂದ ಹೆಲೆನ್ ಬರೋದಿತ್ತು, ಹಳೇ ಚಿತ್ರಗಳನ್ನ ರಿಪೇರಿ ಮಾಡೋರು," ಎಂದಳು ಅನಘಾ. "ನಾನೇ ಸರ್‌ಗೆ ಹೇಳಿ ಕರೆಸಿದ್ದು. ಗೀರುಗಳ ಒಳಗೆ ಹಳೇ ಕೊಳೆ ಇರಬೇಕಲ್ವಾ? ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಇಸವಿ ಗ್ಯಾರಂಟಿ ಆಗುತ್ತೆ, ಪುಸ್ತಕಕ್ಕೆ ಒಳ್ಳೇದು ಅಂದೆ."

ಅರುಂಧತಿಯವರು ಸೀರೆಯ ಮೇಲೆ ಓವರ್‌ಕೋಟು ಹಾಕಿಕೊಂಡರು. ಉಪ್ಪಿಟ್ಟು ಅರ್ಧಕ್ಕೇ ನಿಂತಿತು.

ಚಿತ್ರವಿದ್ದದ್ದು ಯೂನಿವರ್ಸಿಟಿಯ ಹಳೆಯ ಕಲ್ಲಿನ ಕಟ್ಟಡದ ನೆಲಮಾಳಿಗೆಯ ಕೋಣೆಯಲ್ಲಿ. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ಒಳಗೆ ಹೀಟರು ಉರಿಯುತ್ತಿದ್ದರೂ ಮೂಳೆ ಕೊರೆಯುವ ಚಳಿ. ವಿಭಾಗದ ಸೆಕ್ರೆಟರಿ ಮಾರ್ಗರೆಟ್, ನಲವತ್ತರ ಹತ್ತಿರದ ಹಸಿರು ಕಣ್ಣಿನ ಹೆಂಗಸು, ಚಿತ್ರಕ್ಕೆ ಬಟ್ಟೆ ಹೊದಿಸಿಟ್ಟಿದ್ದಳು.

"ಕಸ ಗುಡಿಸುವವಳು ಒಳಗೆ ಬರಲು ಒಪ್ಪುತ್ತಿಲ್ಲ," ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. "ಅವಳದೇನು ತಪ್ಪು? ನನಗೂ ಬೆನ್ನು ತಿರುಗಿಸಿ ನಿಲ್ಲಲು ಆಗುವುದಿಲ್ಲ."

ಬಟ್ಟೆ ಸರಿಯಿತು. ಲಕ್ಷ್ಮೀಶ ಎರಡು ಹೆಜ್ಜೆ ಹಿಂದೆ ಸರಿದ. ಧೈರ್ಯಸ್ಥ ಎಂದು ಅವನೇನೂ ಎಲ್ಲಿಯೂ ಹೇಳಿಕೊಂಡವನಲ್ಲ. ಹದಿನೆಂಟರ ಹುಡುಗಿಯ ಮುಖ. ನುಣುಪು ಕೆನ್ನೆಯ ಮೇಲೆ ಅಲ್ಲಲ್ಲಿ ಸಣ್ಣ ಗೀರು, ಚಿಕ್ಕ ಬಾಯಿ. ಆ ಮುಖದಲ್ಲಿ ಎರಡು ಕಂದು ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಕಣ್ಣು ಚೆನ್ನಾಗಿಯೇ ಇದ್ದವು, ಆದರೆ ಅವು ಅವಳವಲ್ಲ. ಆ ಎಳೆಯ ಮುಖದ ಹಿಂದೆ ಬೇರೆ ಯಾರೋ ಅವಿತು ಕೂತು ಇಣುಕುತ್ತಿದ್ದಾರೆ ಅನ್ನಿಸಿತು.

ಚಿತ್ರದ ಹಣೆಯಲ್ಲಿ ಕುಂಕುಮವಿತ್ತು. ಮುಂದೆ ಎರಡು ಹೂವು, ಆರಿಹೋದ ದೀಪ, ಚಿತ್ರಕ್ಕೆ ಎದುರಾಗಿ ಒಂದು ಸಣ್ಣ ಕನ್ನಡಿ. ಪಕ್ಕದಲ್ಲೇ ಅನಘಾ ಆ ಕೋಣೆಯಲ್ಲೇ ಬಿಟ್ಟಿರುತ್ತಿದ್ದ ಬಣ್ಣದ ಪೆಟ್ಟಿಗೆ. ಅವಳು ಹುಡುಗಿಯಾಗಿದ್ದಾಗಿನಿಂದ ಮೈಸೂರು ಶೈಲಿಯ ಚಿತ್ರ ಬಿಡಿಸುತ್ತಿದ್ದವಳು.

"ನೇತ್ರೋನ್ಮೀಲನ," ಎಂದ ಲಕ್ಷ್ಮೀಶ. "ಹೊಸ ವಿಗ್ರಹಕ್ಕೆ ಕಣ್ಣು ತೆರೆಸಿ ಮೊದಲ ನೋಟ ಕನ್ನಡಿ ಮೇಲೆ ಬೀಳಿಸ್ತಾರಲ್ಲ, ಥೇಟ್ ಹಾಗೇ."

"ಅದಕ್ಕೇ ಎಲ್ಲರೂ ನನ್ನ ಕಡೆ ನೋಡ್ತಿರೋದು ಅಂಕಲ್. ಭಿನ್ನವಾದ ಮೂರ್ತಿ ನೋಡಕ್ಕಾಗದೆ ಈ ಹುಡುಗಿ ಪೂಜೆ ಮಾಡಿಬಿಟ್ಟಳು ಅಂತ."

ಅರುಂಧತಿಯವರು ಪೆನ್ ಟಾರ್ಚು, ಭೂತಗನ್ನಡಿ ಹಿಡಿದು ಹತ್ತು ನಿಮಿಷ ಆ ಕಣ್ಣುಗಳನ್ನು ಪರೀಕ್ಷಿಸಿದರು, ಪೇಷೆಂಟನ್ನು ಪರೀಕ್ಷಿಸುವ ಹಾಗೆ. ಆಮೇಲೆ ನಿಟ್ಟುಸಿರು ಬಿಟ್ಟು, "ಪಾಪ, ಇವಳಿಗೆ ವಯಸ್ಸಾಗಿದೆ," ಎಂದರು.

"ಆಗದೇ ಏನು ಡಾಕ್ಟ್ರೇ? ಹತ್ತಿರ ಹತ್ತಿರ ಐನೂರು ವರ್ಷ!"

"ಅಷ್ಟಿಲ್ಲ ಲಕ್ಷ್ಮೀಶ್. ಅರವತ್ತಿರಬಹುದು."

ಲಕ್ಷ್ಮೀಶ ಹಲ್ಲು ಕಚ್ಚಿಕೊಂಡ. ಅವರ ಈ ಚಾಳಿ ಅವನಿಗೆ ಗೊತ್ತು. ಕೇಳಿದರೆ ಇನ್ನಷ್ಟು ಸತಾಯಿಸುತ್ತಾರೆ.

ಕೋಣೆಗೆ ಮೂರು ಬೀಗದಕೈ. ಒಂದು ಅನಘಾಳದು, ಒಂದು ಪ್ರೊಫೆಸರರದು, ಇನ್ನೊಂದು ಮಾರ್ಗರೆಟ್‌ಳ ಡ್ರಾಯರಿನಲ್ಲಿ. ಗುರುವಾರ ಮಧ್ಯಾಹ್ನ ಎರಡಕ್ಕೆ ಅನಘಾ ಬೀಗ ಹಾಕಿ ಹೋದಾಗ ಬಾರ್ಬರಾ ಕುರುಡಿಯೇ; ಮಾರನೆಯ ಬೆಳಿಗ್ಗೆ ಬಾಗಿಲು ತೆರೆದಾಗ ಕಣ್ಣು ಬಂದಿತ್ತು. ಮತ್ತೊಬ್ಬ ಸಂಶೋಧಕ, ಬೆಂಗಳೂರಿನ ಗೌತಮ್, ಮಾರ್ಗರೆಟ್‌ಳ ಆಫೀಸಿನಲ್ಲಿ ದಿನವೂ ಕಾಫಿ ಕುಡಿಯುವವನು. ವಿಭಾಗದಲ್ಲಿದ್ದ ಒಂದೇ ಒಂದು ಟ್ಯೂಟರ್ ಕೆಲಸಕ್ಕೆ ಅವನೂ ಅನಘಾಳೂ ಇಬ್ಬರೂ ಅರ್ಜಿ ಹಾಕಿದ್ದರು. ಇವನೇ ಸೈ ಎಂದು ಲಕ್ಷ್ಮೀಶ ಮನಸ್ಸಿನಲ್ಲೇ ಕೇಸು ಮುಗಿಸಿಬಿಟ್ಟ.

ಮಧ್ಯಾಹ್ನ ಭಾಸ್ಕರರು ಬಂದರು. ಸೋಮವಾರವೇ ಉಪನ್ಯಾಸಕ್ಕೆಂದು ಸಿಡ್ನಿಗೆ ಹೋಗಿ ಬ್ಲ್ಯಾಕ್‌ಟೌನಿನಲ್ಲಿ ಸ್ನೇಹಿತರಾದ ವೆಂಕಟರಾಮರ ಮನೆಯಲ್ಲಿದ್ದರಂತೆ; ಮೆಸೇಜು ಸಿಕ್ಕ ಕೂಡಲೇ ವಿಮಾನ ಹತ್ತಿ ಬಂದೆ ಎಂದರು. ಅವರ ಕೋಣೆಯ ಗೋಡೆ ತುಂಬ ಯುರೋಪಿನ ಚರ್ಚುಗಳ ಪೆನ್ಸಿಲ್ ಚಿತ್ರಗಳು.

"ಯಾರು ಬಿಡಿಸಿದ್ದು? ಎಷ್ಟು ಚೆನ್ನಾಗಿದೆ!" ಎಂದ ಲಕ್ಷ್ಮೀಶ.

"ನಾನೇ. ಕಣ್ಣೆದುರು ಇದ್ದದ್ದನ್ನ ನೋಡಿ ಬರೀತೀನಿ ಅಷ್ಟೆ. ಮನಸ್ಸಿನಿಂದ ಬರೆಯೋಕೆ ಬರಲ್ಲ." ಮಂಜು ಕವಿದ ಕನ್ನಡಕವನ್ನು ತೆಗೆದು ಒರೆಸಿಕೊಂಡರು. ಕನ್ನಡಕವಿಲ್ಲದ ಅವರ ಕಂದು ಕಣ್ಣಿನ ಗುಡ್ಡೆಗಳ ಸುತ್ತ ಬೂದುಬಣ್ಣದ ಬಳೆ ಎದ್ದಿತ್ತು. ಪಾಪ, ಓದಿ ಓದಿ ಬಳಲಿದ್ದಾರೆ ಅಂದುಕೊಂಡ ಲಕ್ಷ್ಮೀಶ.

ಭಾಸ್ಕರರು ಚೀಲದಿಂದ ಮೈಸೂರುಪಾಕಿನ ಡಬ್ಬಿ ತೆಗೆದರು. "ತಗೋಮ್ಮ ಅನಘಾ. ಅಳಬೇಡ. ಗೊತ್ತಿಲ್ಲದೆ ಭಕ್ತಿಯಿಂದ ಮಾಡಿದ್ದು ಅಂತ ನಾನೇ ಹೆಡ್ ಹತ್ರ ಹೇಳ್ತೀನಿ."

"ಬೇಡ ಸರ್."

"ಯಾಕೆ? ನನ್ನ ಮೇಲೆ ಕೋಪಾನಾ?"

"ಅವಳಿಗೆ ಸೂತಕ ಸರ್," ಎಂದ ಬಾಗಿಲಲ್ಲಿದ್ದ ಗೌತಮ್. "ಮಂಗಳವಾರ ಅಜ್ಜಿ ತೀರಿಕೊಂಡ್ರು. ಇಲ್ಲಿರೋ ಕನ್ನಡದೋರಿಗೆಲ್ಲ ಗೊತ್ತು."

ಡಬ್ಬಿ ಹಿಡಿದ ಕೈ ಒಂದು ಗಳಿಗೆ ಅಲ್ಲೇ ನಿಂತಿತು. "ಅಯ್ಯೋ, ನನಗೆ ತಿಳಿದೇ ಇಲ್ಲ," ಎಂದರು ಭಾಸ್ಕರರು.

ಶನಿವಾರ ಅರುಂಧತಿಯವರು ಬ್ಲ್ಯಾಕ್‌ಟೌನಿನ ವೆಂಕಟರಾಮರಿಗೆ ಫೋನ್ ಮಾಡಿ ಎರಡೇ ಮಾತು ಆಡಿದರು. ಭಾನುವಾರ ಪೂರ್ತಿ ಸ್ವೆಟರ್ ಹೆಣೆದರು. ಲಕ್ಷ್ಮೀಶ ಮೂರು ಸಲ ಕಾಫಿ ನೆಪದಲ್ಲಿ ಹೋಗಿ ಮೂರು ಸಲವೂ ಬರಿಗೈಯಲ್ಲಿ ವಾಪಸು ಬಂದ.

ಸೋಮವಾರ ಹತ್ತು ಗಂಟೆಗೆ ಎಲ್ಲರೂ ಆ ನೆಲಮಾಳಿಗೆಯಲ್ಲಿ ಸೇರಿದರು: ವಿಭಾಗದ ಮುಖ್ಯಸ್ಥರು, ಸಿಡ್ನಿಯ ಹೆಲೆನ್, ಭಾಸ್ಕರ, ಗೌತಮ್, ಮಾರ್ಗರೆಟ್, ಗೋಡೆಗೆ ಒರಗಿ ನಿಂತ ಅನಘಾ. ಬಾರ್ಬರಾ ಎಲ್ಲರನ್ನೂ ನೋಡುತ್ತಿದ್ದಳು.

"ಮೊದಲು ಈ ಪೂಜೆಯ ವಿಷಯ," ಎಂದು ಎಲ್ಲರಿಗೂ ತಿಳಿಯುವಂತೆ ಇಂಗ್ಲಿಷಿನಲ್ಲೇ ಶುರುಮಾಡಿದರು ಅರುಂಧತಿ. "ಇದನ್ನು ಜೋಡಿಸಿದವರಿಗೆ ನೇತ್ರೋನ್ಮೀಲನ ಗೊತ್ತಿತ್ತು. ಆದ್ದರಿಂದ ಮಾರ್ಗರೆಟ್ ಅಲ್ಲ. ಆದರೆ ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಹತ್ತು ದಿನ ಸೂತಕ. ದೀಪ ಹಚ್ಚುವುದಿಲ್ಲ, ಹೂ ಏರಿಸುವುದಿಲ್ಲ, ಕುಂಕುಮ ಮುಟ್ಟುವುದಿಲ್ಲ. ಒಡೆದ ಮೂರ್ತಿಗೆ ಮರುಗಿ ಪೂಜೆ ಮಾಡುವಷ್ಟು ಭಕ್ತಿ ಇರುವ ಹುಡುಗಿ ಸೂತಕದಲ್ಲಿ ದೀಪ ಹಚ್ಚುತ್ತಾಳೆಯೇ? ಅವಳ ಹಣೆಯಲ್ಲೇ ಕುಂಕುಮವಿಲ್ಲ."

"ಹಾಗಾದ್ರೆ ಗೌತಮ್—" ಎಂದು ಲಕ್ಷ್ಮೀಶ ಬಾಯಿ ಹಾಕಿದ.

"ಗೌತಮನಿಗೆ ಸಾವಿನ ಸುದ್ದಿ ಗೊತ್ತಿತ್ತು. ಅವಳ ತಲೆಗೆ ಕಟ್ಟಬೇಕೆಂದಿದ್ದರೆ ಈ ವೇಷ ಹಾಕುತ್ತಲೇ ಇರಲಿಲ್ಲ. ನಮ್ಮ ಸಂಪ್ರದಾಯ ಬಲ್ಲವರು, ಆದರೆ ಮಂಗಳವಾರದಿಂದ ಇಲ್ಲಿಯ ಸುದ್ದಿ ತಿಳಿಯದವರು. ಬೀಗದಕೈ ಇದ್ದವರಲ್ಲಿ ಅಂಥವರು ಒಬ್ಬರೇ."

ಭಾಸ್ಕರರು ನಕ್ಕರು. "ನಾನು ಸಿಡ್ನಿಯಲ್ಲಿದ್ದೆ ಡಾಕ್ಟ್ರೇ."

"ಬುಧವಾರದವರೆಗೆ. ಕೆಲಸ ಬೇಗ ಮುಗೀತು ಅಂತ ಬುಧವಾರವೇ ಹೊರಟ್ರು ಅಂದ್ರು ವೆಂಕಟರಾಮ್. ಮೈಸೂರುಪಾಕು ಕಟ್ಟಿಕೊಟ್ಟಿದ್ದೂ ಆವತ್ತೇ." ಅವರು ಚಿತ್ರದ ಕಡೆ ತಿರುಗಿದರು. "ಇವಳನ್ನು ನೋಡಿ ಎಲ್ಲರಿಗೂ ಯಾಕೆ ಹೆದರಿಕೆ ಆಯಿತು ಗೊತ್ತೆ? ಕಂದು ಗುಡ್ಡೆಯ ಅಂಚಿನ ಸುತ್ತ ಇರುವ ಬೂದು ಬಳೆ ನೋಡಿ. ಐವತ್ತು ದಾಟಿದವರಲ್ಲಿ ಕೊಬ್ಬು ಕಟ್ಟಿ ಬರುವಂಥದ್ದು. ಮೂವತ್ತೈದು ವರ್ಷ ದಿನಾ ನೋಡಿದ್ದೇನೆ. ಹದಿನೆಂಟರ ಹುಡುಗಿಗೆ ಯಾವ ಚಿತ್ರಕಾರನೂ ಅದನ್ನು ಬರೆಯುವುದಿಲ್ಲ, ಕನ್ನಡಿಯಲ್ಲಿ ತನ್ನ ಕಣ್ಣನ್ನೇ ನೋಡಿಕೊಂಡು ಬರೆದಿದ್ದರೆ ಹೊರತು. ಈ ಕನ್ನಡಿ ಮೊದಲು ಬಂದದ್ದು ಅದಕ್ಕೆ. ಶಾಸ್ತ್ರ ನೆನಪಾದದ್ದು ಆಮೇಲೆ. ಪ್ರೊಫೆಸರ್, ಕನ್ನಡಕ ತೆಗೀತೀರಾ?"

ಅವರು ತೆಗೆಯಲು ಹಿಂಜರಿದರು. ಮುಖ್ಯಸ್ಥರು ಅವರನ್ನೇ ನೋಡುತ್ತಿದ್ದರು. ಕೊನೆಗೆ ತೆಗೆದರು. ಮಾರ್ಗರೆಟ್ ಬಾಯಿಗೆ ಕೈ ಹಿಡಿದಳು. ಮೂರು ದಿನದಿಂದ ಎಲ್ಲರ ಬೆನ್ನಿಗೆ ಬಿದ್ದಿದ್ದ ಕಣ್ಣುಗಳು ಈಗ ಆ ಕೋಣೆಯಲ್ಲಿ ಎರಡು ಜೊತೆ ಇದ್ದವು.

"ಗೀರುಗಳ ಒಳಗೆ ಹಳೇ ಕೊಳೆ ಇರಲಿಲ್ಲ, ಅಲ್ವಾ?" ಅರುಂಧತಿಯವರ ದನಿ ತಗ್ಗಿತು. "ಹೆಲೆನ್ ನೋಡಿದ್ದರೆ ಗೀರು ಹೊಸದು ಅಂತ ಗೊತ್ತಾಗ್ತಿತ್ತು. ಅದಕ್ಕೇ ಬಣ್ಣ ಮೆತ್ತಿ ಮುಚ್ಚಿದಿರಿ; ಅದನ್ನ ತೊಳೆದರೆ ಒಳಗೆ ಕೊಳೆ ಇತ್ತೋ ಇಲ್ಲವೋ ಯಾರೂ ಹೇಳೋಕಾಗಲ್ಲ. ಪರೀಕ್ಷೆ ಮಾಡಿಸೋಣ ಅಂದವಳ ಮೇಲೇ ಹೊರಿಸಿದಿರಿ. ಕೆರೆದವರೂ ನೀವೇನಾ?"

ಭಾಸ್ಕರರು ಸ್ಟೂಲು ಎಳೆದುಕೊಂಡು ಕೂತರು. "ಕಣ್ಣಿದ್ದಾಗ ಇಂಥ ಸಾವಿರಾರು ಚಿತ್ರಗಳಲ್ಲಿ ಇದೂ ಒಂದು. ಯಾರಿಗೂ ಬೇಡದ್ದು. ಕಣ್ಣು ಹೋದ ಮೇಲೆ ನನ್ನ ಪುಸ್ತಕ."

"ಮುಖದ ಮೇಲೆ ಬೇರೆ ಸಣ್ಣ ಗೀರುಗಳೂ ಇವೆ. ಮೊದಲು ಯಾವುದನ್ನು ಕೆರೆದಿರಿ?"

ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಕಣ್ಣು," ಎಂದರು ಆಮೇಲೆ. "ಮೊದಲು ಕಣ್ಣೇ. ಅವಳು ನೋಡ್ತಾ ಇದ್ದರೆ ಮಿಕ್ಕಿದ್ದು ಮಾಡೋಕೆ ನನ್ನ ಕೈ ಬರ್ತಿರಲಿಲ್ಲ."

ಹೆದರಿದವನೇ ಕಣ್ಣಿಗೆ ಕೈಹಾಕುತ್ತಾನೆ. ಅವರ ವಾದ ನಿಜವಾಗಿತ್ತು, ಸಾಕ್ಷಿ ಮಾತ್ರ ಅವರೇ ಆಗಿಬಿಟ್ಟಿದ್ದರು. ಲಕ್ಷ್ಮೀಶನಿಗೆ ಸಿಟ್ಟಿನ ಜೊತೆಗೆ ಅಯ್ಯೋ ಅಂತಲೂ ಅನ್ನಿಸಿತು. ಮುಖ್ಯಸ್ಥರು ಅನಘಾಳ ಹತ್ತಿರ ಬಂದು ಕ್ಷಮೆ ಕೇಳಿದರು, ಅವಳ ಸಂಶೋಧನೆಗೆ ಬೇರೆ ಮಾರ್ಗದರ್ಶಕರನ್ನು ತಾವೇ ಗೊತ್ತುಮಾಡುವುದಾಗಿ ಹೇಳಿದರು. ಭಾಸ್ಕರರನ್ನು ತಮ್ಮ ಜೊತೆ ಮೇಲಕ್ಕೆ ಕರೆದುಕೊಂಡು ಹೋದರು.

ಹೆಲೆನ್ ಹತ್ತಿಯ ಕಡ್ಡಿಯನ್ನು ಒದ್ದೆ ಮಾಡಿಕೊಂಡಳು. ನೀರಿನ ಬಣ್ಣ, ಸುಲಭವಾಗಿ ಬರುತ್ತದೆ ಎಂದಳು. ಎಡಗಣ್ಣು ಹೋಯಿತು. ಬಲಗಣ್ಣಿನ ಮುಂದೆ ಕೈ ನಿಲ್ಲಿಸಿ ಅನಘಾಳ ಕಡೆ ನೋಡಿದಳು. ಒಂದೇ ಕಣ್ಣಿನಿಂದ ನೋಡುತ್ತಿದ್ದ ಆ ಮುಖ ಮೊದಲಿಗಿಂತ ಘೋರವಾಗಿತ್ತು.

"ಒರೆಸಿ," ಎಂದಳು ಅನಘಾ. "ಅದು ಅವಳ ಕಣ್ಣಲ್ಲ."

ಅದೂ ಹೋಯಿತು. ಬಾರ್ಬರಾ ಮತ್ತೆ ಕುರುಡಿಯಾದಳು, ಮುಖ ಮಾತ್ರ ಮತ್ತೆ ಹದಿನೆಂಟರದಾಯಿತು. ಲಕ್ಷ್ಮೀಶ ಅಷ್ಟು ದಿನದಲ್ಲಿ ಮೊದಲ ಸಲ ಅವಳಿಗೆ ಬೆನ್ನು ಮಾಡಿ ನಿಂತ.

ಮಾರ್ಗರೆಟ್ ತನ್ನ ಆಫೀಸಿನ ಫೋನನ್ನು ಅನಘಾಳ ಮುಂದೆ ಸರಿಸಿದಳು. ಮೈಸೂರಿನಲ್ಲಿ ಆಗಿನ್ನೂ ಬೆಳಗಿನ ಜಾವ. ಬಹಳ ಹೊತ್ತು ರಿಂಗಾಯಿತು.

"ಅಪ್ಪಾ," ಎಂದವಳಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಒತ್ತರಿಸಿ ಬಂತು. "ಏನಿಲ್ಲಪ್ಪಾ, ಚೆನ್ನಾಗಿದೀನಿ. ಅಜ್ಜಿಗೆ ಕೊಟ್ಟ ಮಾತು ಇದೆಯಲ್ಲ, ಅದನ್ನ ಮುಗಿಸ್ಕೊಂಡೇ ಬರ್ತೀನಿ ಅಂತ ಹೇಳೋಣಾಂತ ಮಾಡಿದೆ."