ಅರ್ಜಿದಾರರಿಗೆ ಈ ವಿಷಯ ತಿಳಿದಿಲ್ಲ

"ಆ ಕಂಪ್ರೆಸರ್ ಒಂದ್ಸಲ ಆಫ್ ಮಾಡಿ."

ಅವನು ಅಂದಿದ್ದು ಅಷ್ಟೇ. ದನಿಯನ್ನೂ ಏರಿಸಿರಲಿಲ್ಲ. ಕೈಯಲ್ಲಿದ್ದ ಕೆಂಪು ಪೆನ್ನಿನಿಂದ ಶೆಡ್ಡಿನ ಮೂಲೆಯತ್ತ ತೋರಿಸಿದ್ದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆಯಿಂದ ಎಂಟು ಸಲ ಪರೀಕ್ಷೆ ಆಗಿತ್ತು. ಪೈಪು ಸೋರುತ್ತಿದ್ದರೆ ಯಂತ್ರದಲ್ಲಿ ಕೆಂಪು ದೀಪ, ಸೋರದಿದ್ದರೆ ಹಸಿರು. ಎಂಟಕ್ಕೆ ಎಂಟೂ ಸರಿ! ಇನ್ನೇನು ಬೇಕಂತೆ ಈ ಮಹಾಶಯನಿಗೆ?

"ಯಾಕೆ, ಶಬ್ದ ಜಾಸ್ತಿ ಆಯ್ತಾ?" ಎಂದಳು ಬಿರುಸಾಗಿ.

"ಇಲ್ಲ. ನೋಡೋಣ ಅಂತ."

ಬೆಸುಗೆ ಹಾಕುತ್ತಾ ಕೂತಿದ್ದ ಸೋದರತ್ತೆ ಎದ್ದು ಹೋಗಿ ಸ್ವಿಚ್ ಒತ್ತಿದಳು. ಕಂಪ್ರೆಸರಿನ ಗುರ್ ಗುರ್ ನಿಂತಿತು. ಶೆಡ್ಡು ಒಮ್ಮೆಲೇ ಮೌನವಾಯಿತು.

ಪೈಪಿನಿಂದ ಒಂದು ಹನಿ ನೀರೂ ಸೋರುತ್ತಿರಲಿಲ್ಲ. ಆದರೆ ಯಂತ್ರದಲ್ಲಿ ಕೆಂಪು ದೀಪ ಹತ್ತಿಕೊಂಡಿತು!

ದೇವರೇ... ಇದೇನಾಯಿತು?

ಏನಾಯಿತೆಂದು ಅವಳಿಗೆ ಮರುಕ್ಷಣವೇ ಹೊಳೆಯಿತು. ಆ ಶೆಡ್ಡಿನ ವೈರಿಂಗ್ ಹಳೆಯದು. ಕಂಪ್ರೆಸರ್ ಮತ್ತು ನೀರಿನ ಪಂಪು ಒಟ್ಟಿಗೆ ಓಡಿದರೆ ಫ್ಯೂಸ್ ಹಾರುತ್ತಿತ್ತು. ಹಾಗಾಗಿ ಎರಡು ವರ್ಷದಿಂದ, ಯಂತ್ರಕ್ಕೆ ಸೋರುವ ಸದ್ದು ಕಲಿಸಲು ಪಂಪು ಹಾಕಿ ಪೈಪು ಸೋರಿಸುವ ಮೊದಲು ಅತ್ತೆ ತಪ್ಪದೆ ಕಂಪ್ರೆಸರ್ ನಿಲ್ಲಿಸುತ್ತಿದ್ದಳು. ಯಂತ್ರ ಕಲಿತದ್ದು ನೀರಿನ ಸದ್ದನ್ನಲ್ಲ. ಕಂಪ್ರೆಸರ್ ನಿಂತ ಮೌನವನ್ನು!

ನೆಲದಡಿ ಸೋರುವ ಪೈಪನ್ನು ಕಿವಿಗೊಟ್ಟು ಹುಡುಕುವ ಯಂತ್ರ ಅದು. ಸಣ್ಣ ಉದ್ದಿಮೆಗಳ ಹೊಸ ಶೋಧಗಳಿಗೆ ಸರ್ಕಾರ ಕೊಡುವ ಸಂಶೋಧನಾ ನೆರವಿನ ಮೊದಲ ಹಂತ ಅವರಿಗೆ ಸಿಕ್ಕಿತ್ತು. ಎರಡನೇ ಹಂತ ಸಿಕ್ಕರೆ ಯಂತ್ರ ಮೇಜಿನಿಂದ ಇಳಿದು ಬೀದಿಗೆ ಬರುತ್ತದೆ. ಸಿಗದಿದ್ದರೆ ಮೇಜಿನ ಮೇಲೇ ಧೂಳು ತಿನ್ನುತ್ತದೆ. ಅದನ್ನು ತೀರ್ಮಾನಿಸುವ ವರದಿ ಬರೆಯಲು ಬಂದ ಪರೀಕ್ಷಕ ಇವನು.

ಅವಳು ಅಪ್ಪನತ್ತ ನೋಡಿದಳು. ಮೂವತ್ತು ವರ್ಷ ನೀರು ಸರಬರಾಜಿನಲ್ಲಿ ದುಡಿದ ಅಪ್ಪ. ಉದ್ದನೆಯ ಕಬ್ಬಿಣದ ಸಲಾಕೆಯ ಒಂದು ತುದಿ ವಾಲ್ವಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು, "ಇಲ್ಲೇ ಅಗೀರಿ" ಅಂದರೆ ಅಲ್ಲೇ ನೀರು ಸಿಗುತ್ತಿತ್ತು. ಈಗ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೂ ಹೆಚ್ಚು ದಿನವಿಲ್ಲ ಎಂದಿದ್ದಾರೆ ವೈದ್ಯರು. ಆ ಕಿವಿಯ ವಿದ್ಯೆ ಅಪ್ಪನ ಜೊತೆಗೇ ಮುಗಿಯಬಾರದು ಎಂದೇ ಅವಳು ಈ ಯಂತ್ರಕ್ಕೆ ಕೈಹಾಕಿದ್ದು.

"ಏನ್ ಬರೀತೀರಿ ಈಗ?" ಅವಳು ಕೇಳಿದಳು.

"ನೋಡಿದ್ದನ್ನ ಬರೀತೀನಿ."

"ಖುಷಿ ಆಯ್ತಲ್ಲ ನಿಮಗೆ?"

ಅವನು ತಲೆ ಎತ್ತಿದ. ಆ ಕಣ್ಣುಗಳಲ್ಲಿ ಗೆದ್ದ ಹಮ್ಮು ಇರಲಿಲ್ಲ. "ನಂಬ್ತೀರೋ ಇಲ್ವೋ... ಇದು ತಪ್ಪಾಗ್ಲಿ ಅಂತ ನಾನು ಒಂದ್ಸಲಾನೂ ಬಯಸಲಿಲ್ಲ. ಯಂತ್ರ ಉತ್ತರ ಕೊಟ್ಟಾಗ, ಅದು ಏನನ್ನ ಕೇಳಿ ಉತ್ತರ ಕೊಡ್ತು ಅಂತ ನೋಡ್ಬೇಕು. ಅಷ್ಟೇ."

ಅವನು ಹೋದ ಮೇಲೆ ಅತ್ತೆ ಬಾಯಿಬಿಟ್ಟಳು. "ಮಾತು ಮೆತ್ತಗೆ, ಪೆನ್ನು ಮಾತ್ರ ಚೂರಿ ಕಣೆ ಪುಟ್ಟಿ!"

ಅವತ್ತಿನಿಂದ ಆ ಶೆಡ್ಡಿನಲ್ಲಿ ಅವನ ಹೆಸರು 'ಕೆಂಪು ಪೆನ್ನು' ಎಂದಾಯಿತು.

ವರದಿ ಬಂತು. ಆಶ್ಚರ್ಯ! ಅರ್ಜಿ ತಿರಸ್ಕೃತವಾಗಿರಲಿಲ್ಲ. ಐದು ವಾರದ ಕಾಲಾವಕಾಶ. ಶೆಡ್ಡಿನ ಸದ್ದು ಬೇಡ, ಬೀದಿಯ ನಿಜವಾದ ಪೈಪುಗಳ ಸದ್ದು ಹಿಡಿದು ಯಂತ್ರಕ್ಕೆ ಹೊಸದಾಗಿ ಕಲಿಸಬೇಕು. ವಾರಕ್ಕೊಮ್ಮೆ ಪರೀಕ್ಷಕ ಬಂದು ಸಾಕ್ಷಿಯಾಗಿ ನಿಂತು, ಪ್ರತಿ ದಾಖಲೆಗೂ ಸಹಿ ಹಾಕಬೇಕು.

ಬೆಳಗಿನ ಐದೂವರೆಗೆ ಬೀದಿಗಳು ತಣ್ಣಗಿರುತ್ತವೆ. ಸದ್ದು ಹಿಡಿಯಲು ಅದೇ ಸರಿಯಾದ ಹೊತ್ತು. ಅಪ್ಪ ಸಲಾಕೆ ಇಡುತ್ತಿದ್ದರು, ಅವಳು ಯಂತ್ರ ಇಡುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ. ಅತ್ತೆ ಟೀ ಕೊಟ್ಟರೆ ಅವನು ಮುಟ್ಟುತ್ತಿರಲಿಲ್ಲ.

"ಯಾಕಪ್ಪಾ, ನಮ್ಮ ಟೀಲಿ ವಿಷ ಇದ್ಯಾ?"

"ಅರ್ಜಿದಾರರ ಹತ್ರ ಏನೂ ತಗೋಬಾರ್ದು. ನಿಯಮ ಅಮ್ಮಾ."

"ಒಂದು ಲೋಟ ಟೀಗೂ ನಿಯಮಾನಾ! ಉಸಿರಾಡೋಕೂ ಅರ್ಜಿ ಹಾಕ್ತೀಯೇನೋ ನೀನು!"

ಅವನು ನಕ್ಕ. ಮೊದಲ ಸಲ. ಅವಳು ಯಂತ್ರದತ್ತ ಬಗ್ಗಿದಳು, ತನ್ನ ಮುಖ ಅವನಿಗೆ ಕಾಣದಿರಲಿ ಎಂದು.

ಎರಡನೇ ವಾರ ಅವಳೊಂದು ಗಮನಿಸಿದಳು. ಅಪ್ಪನಿಗೆ ಏನಾದರೂ ಹೇಳುವುದಿದ್ದರೆ ಅವನು ಸುತ್ತು ಹಾಕಿ ಬಲಗಡೆಗೇ ಬರುತ್ತಿದ್ದ. ಎಡಗಿವಿ ಕೇಳಿಸದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಪ್ಪನಂತೂ ಆ ವಿಷಯ ಯಾರೆದುರೂ ಎತ್ತುತ್ತಿರಲಿಲ್ಲ. ಇವನು ತಾನಾಗಿಯೇ ಕಂಡುಕೊಂಡಿದ್ದ. ಕಂಡರೂ ಬಾಯಿಬಿಡದೆ ಸುಮ್ಮನೆ ಬಲಕ್ಕೆ ಬರುತ್ತಿದ್ದ.

ಅವಳ ಮನಸ್ಸು ಅಂದೇ ಜಾರಿತು. ಒಪ್ಪಿಕೊಳ್ಳಲು ಅಹಂಕಾರ ಬಿಡಬೇಕಲ್ಲ!

ಮೂರನೇ ವಾರ ಅಪ್ಪ ಸಲಾಕೆಯನ್ನು ಅವನ ಕೈಗೇ ಕೊಟ್ಟರು. ಅವನು ರಸ್ತೆಯಲ್ಲಿ ಮಂಡಿಯೂರಿ ಕಿವಿಗಿಟ್ಟುಕೊಂಡ.

"ಏನೂ ಕೇಳಿಸ್ತಿಲ್ಲ."

"ಉಸಿರು ಬಿಗಿಹಿಡೀರಿ," ಎಂದು ಅವಳು ಪಕ್ಕದಲ್ಲಿ ಕೂತು ಸಲಾಕೆಯನ್ನು ನೇರ ಮಾಡಿದಳು. ಅವಳ ಬೆರಳಿಗೆ ಅವನ ಬೆರಳು ತಾಗಿತು. ಇಬ್ಬರೂ ತೆಗೆಯಲಿಲ್ಲ...

"ಈಗ?"

"ಈಗ ಕೇಳಿಸ್ತಿದೆ," ಎಂದ. ಆದರೆ ಅವನು ನೋಡುತ್ತಿದ್ದದ್ದು ಅವಳನ್ನು. ಮರುಗಳಿಗೆಯೇ ಎದ್ದು ನಿಂತು, ಮುಖ ತಿರುಗಿಸಿ ಮಂಡಿಯ ಮಣ್ಣು ಕೊಡವಿಕೊಂಡ.

ನಾಲ್ಕನೇ ವಾರ ಅವನು ಮಾತೇ ಆಡಲಿಲ್ಲ. ಸಹಿ ಹಾಕಿ, ತಲೆತಗ್ಗಿಸಿ ಹೊರಟುಹೋದ.

ಎರಡು ದಿನ ಬಿಟ್ಟು ಪತ್ರ ಬಂತು.

'ನಿಮ್ಮ ಅರ್ಜಿಯ ಪರಿಶೀಲನೆಯಿಂದ ಪರೀಕ್ಷಕರು ಹಿಂದೆ ಸರಿದಿದ್ದಾರೆ. ಬೀದಿಯಲ್ಲಿ ಅವರು ಸಹಿ ಮಾಡಿದ ದಾಖಲೆಗಳನ್ನು ಪರಿಗಣಿಸಲಾಗುವುದಿಲ್ಲ. ಶುಕ್ರವಾರ ಸಮಿತಿಯೇ ಬಂದು ಒಂದು ಬೀದಿಯಲ್ಲಿ ಪರೀಕ್ಷೆ ನಡೆಸಲಿದೆ. ಒಂದು ಕಡೆ ಮಾತ್ರ ಅಗೆಯಲು ಅವಕಾಶ.'

ನಾಲ್ಕು ವಾರದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ! ಕೂಡಲೇ ಅವನಿಗೆ ಫೋನ್ ಮಾಡಿದಳು.

"ಯಾಕೆ ಹೀಗ್ ಮಾಡಿದ್ರಿ?"

"ಹೇಳೋ ಹಾಗಿಲ್ಲ."

"ಯಂತ್ರದ ಮೇಲೆ ನಂಬಿಕೆ ಹೋಯ್ತಾ?"

"ಯಂತ್ರದ ಬಗ್ಗೆ ಈಗ ನಾನು ಒಂದು ಮಾತೂ ಆಡೋ ಹಾಗಿಲ್ಲ. ದಯವಿಟ್ಟು ಕೇಳ್ಬೇಡಿ..."

"ಗೆಲ್ಲಿಸಿ ಅಂತ ನಿಮ್ಮನ್ನ ಕೇಳಿರಲಿಲ್ಲ," ಎಂದಳು. "ನಡುದಾರೀಲಿ ಕೈ ಬಿಡಲ್ಲ ಅಂದ್ಕೊಂಡಿದ್ದೆ. ಅಷ್ಟೇ!"

ಫೋನ್ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಬಂದು ತಲೆ ಸವರಿದರು. "ಹೋಗ್ಲಿ ಬಿಡು ಮಗಳೇ. ಮನುಷ್ಯರು ಬರ್ತಾರೆ, ಹೋಗ್ತಾರೆ. ನೆಲ ಮಾತ್ರ ಸುಳ್ಳು ಹೇಳಲ್ಲ."

ಶುಕ್ರವಾರ ಬೆಳಿಗ್ಗೆ ಸಮಿತಿಯ ಅಧ್ಯಕ್ಷೆ ರಸ್ತೆಯ ಮೇಲೆ ಸೀಮೆಸುಣ್ಣದಿಂದ ಮೂರು ವೃತ್ತ ಬರೆದಿದ್ದರು. ಅವುಗಳಲ್ಲಿ ಒಂದರ ಕೆಳಗೆ ಸೋರಿಕೆ. ಹಾರೆ ಗುದ್ದಲಿ ಹಿಡಿದು ಇಬ್ಬರು ಕಾದಿದ್ದರು. ಅವಳ ಕಣ್ಣು ಬೇಡವೆಂದರೂ ಬೀದಿಯ ತಿರುವಿನತ್ತ ಹೋಗುತ್ತಿತ್ತು. ಅವನು ಬಂದಿರಲಿಲ್ಲ. ಬರಲೂ ಇಲ್ಲ.

"ಮೊದಲು ಒಂದು ವಿಷಯ ಹೇಳ್ಬೇಕು ಮೇಡಂ," ಎಂದಳು. ವರದಿಯಲ್ಲಿದ್ದರೂ, ಕಂಪ್ರೆಸರಿನ ಕಥೆಯನ್ನು ತಾನೇ ಒಂದಕ್ಷರ ಮುಚ್ಚಿಡದೆ ಹೇಳಿದಳು. ಅಧ್ಯಕ್ಷೆಯ ಹುಬ್ಬು ಮೇಲೇರಿತು, ಆದರೆ ಬಾಯಿಂದ ಬಂದದ್ದು ಒಂದೇ ಮಾತು. "ಶುರು ಮಾಡಿ."

ಮೊದಲ ವೃತ್ತ. ಹಸಿರು.

ಎರಡನೇ ವೃತ್ತ. ಕೆಂಪು!

ಅತ್ತೆ ಸೆರಗಿನ ತುದಿ ಹಿಡಿದು ಉಸಿರುಬಿಟ್ಟಳು. ಮೂರನೆಯದು ಹಸಿರಾದರೆ ಮುಗಿಯಿತು.

ಮೂರನೇ ವೃತ್ತ... ಕೆಂಪು!

ಎರಡು ಕೆಂಪು. ಅಗೆಯಲು ಅವಕಾಶ ಒಂದಕ್ಕೆ. ಅಪ್ಪ ಮಂಡಿಯೂರಿ ಎರಡೂ ಕಡೆ ಸಲಾಕೆ ಇಟ್ಟರು. ಬಲಗಿವಿಯನ್ನು ಒತ್ತಿ ಒತ್ತಿ ಕೇಳಿದರು. ಕೊನೆಗೆ ತಲೆಯಲ್ಲಾಡಿಸಿದರು.

"ಎರಡೂ ಒಂದೇ ಥರ ಇದೆ ಪುಟ್ಟಿ. ನನ್ನ ಕಿವಿಗೆ ಗೊತ್ತಾಗ್ತಿಲ್ಲ." ಅಪ್ಪ ಸಲಾಕೆಯನ್ನು ನೆಲಕ್ಕಿಟ್ಟರು.

"ಐದು ನಿಮಿಷ ಇದೆ," ಎಂದರು ಅಧ್ಯಕ್ಷೆ.

ಅವಳು ಕಣ್ಣು ಮುಚ್ಚಿದಳು. ಯಾಕೋ ಆ ಹಾಳು ಕೆಂಪು ಪೆನ್ನಿನ ದನಿಯೇ ಕಿವಿಯಲ್ಲಿ ಮೊಳಗಿತು. ಅದು ಏನನ್ನ ಕೇಳಿ ಉತ್ತರ ಕೊಡ್ತು ಅಂತ ನೋಡ್ಬೇಕು...

ಏನನ್ನು ಕೇಳಿತು? ಇಲ್ಲಿ ಇನ್ನೇನು ಸದ್ದಿದೆ?

ತಟ್ಟನೆ ಕಣ್ತೆರೆದಳು. ಮೂರನೇ ವೃತ್ತದ ಪಕ್ಕದ ಮನೆಯ ಗೋಡೆಗೆ ಕೈಯಿಟ್ಟಳು. ಗೋಡೆ ಸಣ್ಣಗೆ ಅದುರುತ್ತಿತ್ತು. ಒಳಗೆ ತೊಟ್ಟಿಗೆ ನೀರೇರಿಸುವ ಮೋಟಾರ್ ಓಡುತ್ತಿತ್ತು!

"ಆ ಮೋಟಾರ್ ಒಂದ್ಸಲ ಆಫ್ ಮಾಡ್ಸಿ," ಎಂದಳು.

ಮನೆಯವರು ಗೊಣಗುತ್ತಲೇ ಮೋಟಾರ್ ನಿಲ್ಲಿಸಿದರು. ಮೂರನೇ ವೃತ್ತದ ದೀಪ ಹಸಿರಾಯಿತು. ಅವಳು ಓಡಿ ಎರಡನೆಯದರ ಮೇಲೆ ಯಂತ್ರ ಇಟ್ಟಳು. ಅಲ್ಲಿ ಕೆಂಪು ಕದಲಲಿಲ್ಲ.

"ಇಲ್ಲೇ ಅಗೀರಿ!"

ಒಂದು ಅಡಿ ಅಗೆದರು. ಒಣಮಣ್ಣು. ಎರಡು ಅಡಿ. ಒಣಮಣ್ಣೇ. ಅಧ್ಯಕ್ಷೆ ಗಡಿಯಾರ ನೋಡಿಕೊಂಡರು. ಮೂರನೇ ಅಡಿಗೆ ಗುದ್ದಲಿ ಬಿದ್ದಾಗ ಸದ್ದು ಬದಲಾಯಿತು. ಮೇಲೆ ಬಂದ ಮಣ್ಣು ಕಪ್ಪಗಿತ್ತು. ಅದರ ಹಿಂದೆಯೇ ಬುಳುಬುಳು ನೀರು!

ಅಪ್ಪ ಆ ಕೆಸರನ್ನು ಅಂಗೈಯಲ್ಲಿ ಹಿಡಿದು ಮಗುವಿನಂತೆ ಅತ್ತುಬಿಟ್ಟರು. "ನನ್ನ ಕಿವಿ ಉಳೀತು ಮಗಳೇ..."

ಅವಳೂ ಅತ್ತಳು. ಆದರೂ ಆ ಸಂತೋಷದ ನಡುವೆ ಒಂದು ಜಾಗ ಖಾಲಿ ಇತ್ತು.

ವಾರದ ನಂತರ ಮಂಜೂರಾತಿ ಬಂತು. ತೀರ್ಮಾನವಾದ ಮೇಲೆ ಕಡತದ ಪ್ರತಿಯನ್ನು ಅರ್ಜಿದಾರರಿಗೆ ಕಳಿಸುವುದು ಅಲ್ಲಿಯ ಪದ್ಧತಿ. ಪುಟ ತಿರುವುತ್ತಿದ್ದ ಅವಳ ಕೈ ಒಂದು ನಮೂನೆಯ ಮೇಲೆ ನಿಂತುಹೋಯಿತು. ಕೆಂಪು ಶಾಯಿಯ ಆ ಅಕ್ಷರಗಳನ್ನು ಅವಳು ಎಲ್ಲಿದ್ದರೂ ಗುರುತಿಸಬಲ್ಲಳು.

'ಹಿಂದೆ ಸರಿಯಲು ಕಾರಣ: ಅರ್ಜಿದಾರರೊಂದಿಗೆ ಸಂಬಂಧ.

ಸಂಬಂಧದ ಬಗೆ: ಬಂಧು ಅಲ್ಲ. ಪಾಲುದಾರ ಅಲ್ಲ. ಇತರೆ.

ವಿವರ: ಅವರು ಗೆಲ್ಲಬೇಕೆಂದು ನನ್ನ ಮನಸ್ಸು ಹಂಬಲಿಸುತ್ತಿದೆ. ಹಾಗಿರುವಾಗ ನನ್ನ ಸಹಿಗೆ ಬೆಲೆಯಿಲ್ಲ. ನಾನು ಉಳಿದರೆ, ಅವರ ಗೆಲುವನ್ನು ನಾಳೆ ಯಾರಾದರೂ ಅನುಮಾನಿಸಬಹುದು. ಅರ್ಜಿದಾರರಿಗೆ ಈ ವಿಷಯ ತಿಳಿದಿಲ್ಲ.'

ಅವಳಿಗೆ ಅಕ್ಷರಗಳು ಮಂಜಾದವು. ಅಯ್ಯೋ... ಈ ಮನುಷ್ಯನನ್ನೇ ನಾನು ಕೈಬಿಟ್ಟವನು ಅಂದೆನಲ್ಲ!

ಅತ್ತೆ ಹೆಗಲ ಮೇಲಿಂದ ಇಣುಕಿ ಓದಿದಳು. ಎರಡು ಸಲ ಓದಿದಳು. ಆಮೇಲೆ ಒಳಗೆ ಹೋಗಿ ಫ್ಲಾಸ್ಕಿಗೆ ಟೀ ತುಂಬಿ ತಂದು ಮೇಜಿನ ಮೇಲೆ ಕುಕ್ಕಿದಳು.

"ಇನ್ನೂ ಯಾಕೆ ಕೂತಿದ್ದೀಯ? ಹೊರಡೇ!"

ಅವನನ್ನು ಹಳೆಯ ಕಡತಗಳ ವಿಭಾಗಕ್ಕೆ ಹಾಕಿದ್ದರು. ಕಿಟಕಿ ಪಕ್ಕದ ಸಣ್ಣ ಮೇಜು, ಸುತ್ತ ಕಟ್ಟು ಕಟ್ಟು ಕಾಗದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಅಭಿನಂದನೆ... ನಾನೇ ಫೋನ್ ಮಾಡ್ಬೇಕು ಅಂತಿದ್ದೆ, ಆದ್ರೆ..."

"ಮೊದಲು ಇದು," ಎಂದು ಅವಳು ನಮೂನೆಯ ಪ್ರತಿಯನ್ನು ಅವನ ಮುಂದಿಟ್ಟಳು. "ನೋಡಿದ್ದನ್ನ ಬರೀತೀನಿ ಅಂದವರು ನೀವು. ಇದ್ರಲ್ಲಿ ಒಂದು ಸಾಲು ಸುಳ್ಳು."

ಅವನು ಕಾಗದ ಕೈಗೆತ್ತಿಕೊಂಡ. "ಯಾವ್ದು?"

"ಕೊನೇದು."

ಅವನು ಓದಿದ. ಮತ್ತೆ ಅವಳನ್ನು ನೋಡಿದ. "ನಿಮಗೆ... ಗೊತ್ತಿತ್ತಾ?"

"ನೀವು ಅಪ್ಪನ ಬಲಗಡೆಗೆ ಬಂದು ಮಾತಾಡಿದ್ರಲ್ಲ, ಅವತ್ತೇ ಗೊತ್ತಾಗಿತ್ತು." ಅವಳ ಕಣ್ಣು ತುಂಬಿ ಬಂತು. "ಮಧ್ಯೆ ಒಂದೆರಡು ವಾರ ಮರೆತುಬಿಟ್ಟಿದ್ದೆ. ಕ್ಷಮಿಸ್ತೀರಾ?"

ಅವನು ಕೆಂಪು ಪೆನ್ನು ತೆಗೆದು ಕೊನೆಯ ಸಾಲನ್ನು ನಿಧಾನವಾಗಿ ಹೊಡೆದುಹಾಕಿದ. ಗೆರೆ ಸೊಟ್ಟಗಾಯಿತು.

ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಅವನ ಮುಂದೆ ಹಿಡಿದಳು. "ಈಗ ನಿಯಮ ಏನ್ ಹೇಳುತ್ತೆ?"

ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಒಂದು ಗುಟುಕು ಕುಡಿದ.

"ಸಕ್ಕರೆ ಸ್ವಲ್ಪ ಜಾಸ್ತಿ."

"ಅತ್ತೆ ಮಾಡಿದ್ದು. ಈ ಜನ್ಮದಲ್ಲಿ ಕಡಿಮೆ ಆಗಲ್ಲ."

"ಹಾಗಾದ್ರೆ," ಎಂದ ಅವನು, ಅವಳ ಕಣ್ಣಿನಿಂದ ಕಣ್ಣು ಕೀಳದೆ, "ನಾನೇ ಅಭ್ಯಾಸ ಮಾಡ್ಕೋತೀನಿ."